ಗಂಡ ಕಿತ್ತು ತಂದ ಚಿಗುರು

ನಮ್ಮ ಬೆಟ್ಟದ ವಸತಿಗೃಹದಲ್ಲಿ ಫುಸಾಯೆಗೆ ಮೇಲಿನ ಕೋಣೆಗಳ ಊಟ ಬಡಿಸುವ ಕೆಲಸ. ಮಂಡಿಯೂರಿ ಜಾರುಬಾಗಿಲು ಸರಿಸಬೇಕು, ಒಂದೊಂದು ಬಟ್ಟಲನ್ನೂ ಮುಂದಿಟ್ಟು ಅದೇನು, ಎಲ್ಲಿಯದು ಎಂದು ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ಅದನ್ನೇ ಮಾಡಿದ್ದಾಳೆ. ಅವಳ ಗಂಡ ಕಿಸಾಬುರೊ ಹಿಮ ಕರಗುತ್ತಿದ್ದಂತೆ ಗುಡ್ಡ ಹತ್ತಿ ಜರಿಗಿಡದ ಎಳೆ ಚಿಗುರು ತರುತ್ತಿದ್ದ. ಎರಡು ವರ್ಷದ ಹಿಂದೆ ಹಾಗೇ ಹೋದವನು ಕೊರಕಲಿಗೆ ಜಾರಿ ಸತ್ತ. ಚಿಕ್ಕ ಯಜಮಾನ ರ್ಯೋಹೆಯಿ ಸಾವಿನ ಮನೆಗೆ ಒಂದು ಬಾಟಲಿ ಅಕ್ಕಿಹೆಂಡ ಕಳಿಸಿ ಕೈತೊಳೆದುಕೊಂಡ.

ಈಗ ಚಿಗುರು ಬರುವುದು ಪ್ಲಾಸ್ಟಿಕ್ ಚೀಲದಲ್ಲಿ, ಉಪ್ಪುನೀರಿನಲ್ಲಿ ಮುಳುಗಿ. ಅಡುಗೆಯವನು ನಾನು. ಚೀಲ ಕತ್ತರಿಸಿದಾಗ ಬರುವ ವಾಸನೆಗೇ ವಾಕರಿಕೆ ಬರುತ್ತದೆ. ಅದು ಯಾವ ದೇಶದ್ದೆಂದು ಓದಲೂ ಮನಸ್ಸಿಲ್ಲ. ಅದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಈ ವಸಂತದಲ್ಲಿ ರ್ಯೋಹೆಯಿ ಅಡುಗೆಮನೆಗೆ ಬಂದು ಆಡಿದ ಮಾತು.

"ಫುಸಾಯೆ ಅಕ್ಕ, ಚಿಗುರು ಇಡುವಾಗ ‘ನಮ್ಮನೆಯವ್ರು ಬೆಳಿಗ್ಗೆ ಗುಡ್ಡದಿಂದ ಕಿತ್ತು ತಂದಿದ್ದು’ ಅನ್ನಿ. ಪೇಟೆಯವರಿಗೆ ಇಂಥದ್ದೆಲ್ಲ ತುಂಬಾ ಇಷ್ಟ."

"ಅವರು ಇಲ್ವಲ್ಲ."

"ಇಲ್ಲ ಅಂತ ಯಾರಿಗ್ಗೊತ್ತು? ಹೇಳಕ್ಕಾಗಲ್ಲ ಅಂದ್ರೆ ನಿಮ್ಮ ರೂಮು ಖಾಲಿ ಮಾಡ್ಕೊಡಿ. ಹೇಳೋರು ಸಿಗ್ತಾರೆ."

ಗಂಡ ಹೋದಮೇಲೆ ಅವಳಿಗಿದ್ದ ನೆಲೆಯೆಂದರೆ ಕೆಲಸದವರ ಸಾಲಿನ ಆ ಒಂದೇ ಕೋಣೆ. ಹ್ಞೂಂ ಎಂದಳು. ನನಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯದೆ ಚಿಗುರು ತೊಳೆದೆ.

ಆ ಸಂಜೆ ಅನ್ನದ ಮರಿಗೆ ಹಿಡಿದು ನಾನೇ ಅವಳ ಹಿಂದೆ ಹೋದೆ. ಕೋಣೆಯಲ್ಲಿ ಟೋಕಿಯೊದ ಗಂಡಹೆಂಡಿರು ಬಿಸಿನೀರಿನ ಸ್ನಾನ ಮುಗಿಸಿ ಕೆಂಪಗಾಗಿ ಕೂತಿದ್ದರು. ರ್ಯೋಹೆಯಿ ಹಲ್ಲು ಕಿರಿಯುತ್ತ ಅವರಿಗೆ ಹೆಂಡ ಬಗ್ಗಿಸುತ್ತಿದ್ದ. ಫುಸಾಯೆ ಬಟ್ಟಲಿಟ್ಟು, ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

"ಎಷ್ಟು ಪುಣ್ಯವಂತರಮ್ಮ ನೀವು," ಎಂದಳು ಆ ಹೆಂಗಸು. "ಅವರನ್ನ ಒಂದ್ನಿಮಿಷ ಕರೀರಿ. ಜೊತೇಲಿ ಫೋಟೋ ತಗೋತೀವಿ."

"ಬರಕ್ಕಾಗಲ್ಲಮ್ಮ. ತೀರ್ಕೊಂಡು ಎರಡು ವರ್ಷ ಆಯ್ತು."

ಬಾಯಿಗಿಟ್ಟ ಚಿಗುರನ್ನು ಆ ಹೆಂಗಸಿನ ಗಂಡ ನುಂಗಲೂ ಇಲ್ಲ, ಉಗುಳಲೂ ಇಲ್ಲ. ರ್ಯೋಹೆಯಿ ಪೆಚ್ಚುನಗೆ ನಕ್ಕ. "ತಮಾಷೆ ಮಾಡ್ತಾರೆ ಇವರು. ‘ಸುಳ್ಳು ಹೇಳ್ಬಿಟ್ಟೆ, ತಪ್ಪಾಯ್ತು’ ಅನ್ನಿ ಅಕ್ಕ."

ಫುಸಾಯೆ ಚಾಪೆಗೆ ಹಣೆ ಮುಟ್ಟುವಷ್ಟು ಬಾಗಿದಳು. ಬಾಗಿಕೊಂಡೇ ಕೇಳಿದಳು: "ಅಂತೀನಿ ಚಿಕ್ಕ ಯಜಮಾನ್ರೇ. ಯಾವುದು ಸುಳ್ಳು ಅನ್ಲಿ? ಅವರು ಸತ್ತಿದ್ದೋ, ಚಿಗುರು ತಂದಿದ್ದೋ?"