ನಮ್ಮ ಪರವಾಗಿ ಅವರು ಹೇಳಿದ್ದು

ಇನ್‌ಸ್ಪೆಕ್ಟರು ನಮ್ಮ ಶಾಲೆಗೆ ಬಂದ ದಿನ ನನ್ನನ್ನು ಮುಂದೆ ನಿಲ್ಲಿಸಿ ಪಾಠ ಓದಿಸಿದರು. ಅರವತ್ತರ ದಶಕದ ನಡುಭಾಗ. ದೇವನಹಳ್ಳಿ ತಾಲ್ಲೂಕಿನಲ್ಲಿ ರೇಷ್ಮೆಯನ್ನೇ ನಂಬಿಕೊಂಡಿದ್ದ ಸಣ್ಣ ಪೇಟೆ ನಮ್ಮದು. ಅಲ್ಲಿನ ಉರ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಇತ್ತು. ಐದು, ಆರು, ಏಳನೇ ಕ್ಲಾಸು ತೆರೆಯುವ ಯೋಚನೆ ಸರ್ಕಾರಕ್ಕಿದೆ, ಅದಕ್ಕೇ ಇನ್‌ಸ್ಪೆಕ್ಟರು ಬರುತ್ತಿದ್ದಾರೆ ಅಂತ ನಮ್ಮ ಟೀಚರಮ್ಮ ಹೇಳಿದ್ದರು. ನಾನು ಆಗ ನಾಲ್ಕನೇ ಕ್ಲಾಸು. ಓದಿ ಮುಗಿಸಿದಾಗ ಇನ್‌ಸ್ಪೆಕ್ಟರು ತಲೆ ಸವರಿ, "ಜಾಣೆ" ಅಂದರು. ಇನ್ನು ಮೂರು ವರ್ಷ ಇದೇ ಶಾಲೆ ಅಂತ ನಾನು ಮನಸ್ಸಿನಲ್ಲೇ ಕುಣಿದೆ.

ಅವರ ಪಕ್ಕದ ಕುರ್ಚಿಯಲ್ಲಿ ನಮ್ಮ ಜಮಾತಿನ ಸದರ್ ಕೂತಿದ್ದರು. ಮಸೀದಿ ಕಮಿಟಿಯ ಅಧ್ಯಕ್ಷರಿಗೆ ನಮ್ಮಲ್ಲಿ ಸದರ್ ಅನ್ನುತ್ತಾರೆ. ರೇಷ್ಮೆ ನೂಲು ತೆಗೆಯುವ ದೊಡ್ಡ ಕಾರ್ಖಾನೆ ಅವರದು. ಪೇಟೆಯಲ್ಲಿ ಯಾವ ಸರ್ಕಾರಿ ಮನುಷ್ಯ ಬಂದರೂ ಮೊದಲು ಅವರ ಮನೆಯಲ್ಲಿ ಚಹಾ ಕುಡಿದು ಆಮೇಲೆ ಕೆಲಸಕ್ಕೆ ಹೊರಡಬೇಕು, ಹಾಗಿತ್ತು.

ಇನ್‌ಸ್ಪೆಕ್ಟರು ಕೇಳಿದರು: "ಏನ್ ಸಾಹೇಬ್ರೇ, ಮಕ್ಳು ಚೆನ್ನಾಗ್ ಓದ್ತಾವೆ. ಮುಂದಿನ ಕ್ಲಾಸ್ ತೆಗೆಯೋಣ್ವಾ?"

ಸದರ್ ಮೆಲ್ಲಗೆ ತಲೆ ಅಲ್ಲಾಡಿಸಿದರು. "ಬೇಡಿ ಸ್ವಾಮಿ. ನಮ್ಮಲ್ಲಿ ಹೆಣ್ಮಕ್ಳು ಹತ್ತು ವರ್ಷ ತುಂಬಿದ್ ಮೇಲೆ ಆಚೆ ಬರೋ ಪದ್ಧತಿ ಇಲ್ಲ. ಧರ್ಮದ ವಿಷಯ. ಜನ ಬೇಜಾರ್ ಮಾಡ್ಕೋತಾರೆ."

"ಛೆ ಛೆ, ಹಂಗಾದ್ರೆ ಬೇಡವೇ ಬೇಡ. ನಮ್ದು ಸೆಕ್ಯುಲರ್ ಸರ್ಕಾರ. ನಿಮ್ಮ ಧರ್ಮದಲ್ಲಿ ನಾವು ಕೈ ಹಾಕೋದುಂಟಾ? ನೀವು ಹೇಳಿದ್ ಮೇಲೆ ಮುಗೀತು."

ಮುಗಿಯಿತು. ಮನೆಯಲ್ಲಿ ನಾವು ಉರ್ದು ಆಡುತ್ತಿದ್ದರೂ ಬೀದಿಯ ಕನ್ನಡ ನನಗೆ ಚೆನ್ನಾಗಿ ಗೊತ್ತಿತ್ತು, ಪ್ರತಿ ಮಾತೂ ಅರ್ಥವಾಯಿತು. ಇಬ್ಬರೂ ಎದ್ದು, ಕೈ ಕುಲುಕಿ, ಬಹಳ ಗೌರವದಿಂದ ಬೀಳ್ಕೊಂಡರು. ನಾನು ಇನ್ನೂ ಪುಸ್ತಕ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಇಷ್ಟು ವರ್ಷಗಳಾದ ಮೇಲೂ ಆ ಗೌರವ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ. ಬೈದಾಡಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಹತ್ತು ವರ್ಷ ತುಂಬಿದ ಹೆಣ್ಣುಮಕ್ಕಳು ಆಚೆ ಬರುವುದಿಲ್ಲ ಅಂದರಲ್ಲ, ಆ ಹುಡುಗಿಯರು ಎಲ್ಲಿದ್ದರು ಅಂತ ಹೇಳುತ್ತೇನೆ. ಈ ಸದರ್ ಅವರದೇ ಕಾರ್ಖಾನೆಯಲ್ಲಿದ್ದರು. ಕುದಿಯುವ ನೀರಿನಲ್ಲಿ ರೇಷ್ಮೆ ಗೂಡು ಹಾಕಿ, ಅದರಿಂದ ಎಳೆ ಹಿಡಿದು ಕೊಡುವ ಹೆಂಗಸರ ಸಾಲು ಒಂದು ಕಡೆ. ಆ ಎಳೆ ಸುತ್ತಿಕೊಳ್ಳುವ ಚರಕದ ಹಿಡಿ ತಿರುಗಿಸುತ್ತಾ ನಿಂತ ಹುಡುಗಿಯರ ಸಾಲು ಇನ್ನೊಂದು ಕಡೆ. ನನ್ನ ಅಮ್ಮಿ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಅವಳ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆಸಿದ ಕಡಲೆಬೀಜದ ಹಾಗೆ ಸುಕ್ಕಾಗಿ ಬೆಳ್ಳಗಿರುತ್ತಿದ್ದವು. ನಾಲ್ಕನೇ ಕ್ಲಾಸು ಮುಗಿದ ಕೂಡಲೇ ನಮ್ಮ ಶಾಲೆಯ ಹುಡುಗಿಯರು ಎರಡನೇ ಸಾಲಿಗೆ ಬರುತ್ತಿದ್ದರು. ಕಾರ್ಖಾನೆ ಬಾಗಿಲಿನಲ್ಲಿ ಅವರನ್ನು ಯಾವ ಧರ್ಮವೂ ತಡೆಯಲಿಲ್ಲ. ಸದರ್‌ರ ಸ್ವಂತ ಹೆಣ್ಣುಮಕ್ಕಳು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದುತ್ತಿದ್ದರು. ರಜೆಗೆ ಬಂದಾಗ ಕಾರಿನಿಂದ ಇಳಿಯುವುದನ್ನು ನಾವು ಮಕ್ಕಳೆಲ್ಲ ಓಡಿ ಹೋಗಿ ನೋಡುತ್ತಿದ್ದೆವು. ಅವರ ಬಿಳಿ ಕಾಲುಚೀಲ ನೋಡಿ ನಮಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಸಂಜೆ ಅಮ್ಮಿಗೆ ನಡೆದದ್ದೆಲ್ಲ ಹೇಳಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿ, "ಯಾರನ್ನ ಕೇಳಿ ಹೇಳಿದ್ರು?" ಅಂದಳು. ಅಬ್ಬಾ ಎದ್ದು ಹೋಗಿ ಸೈಕಲ್ಲು ಒರೆಸತೊಡಗಿದರು. ಅಬ್ಬಾ ಸೈಕಲ್ಲಿನಲ್ಲಿ ನಂದಗುಡಿ ಕಡೆಯ ಹಳ್ಳಿಗಳಿಗೆ ಹೋಗಿ, ಒಕ್ಕಲಿಗರ ಮನೆಗಳಿಂದ ಗೂಡು ಕೊಂಡು ತಂದು ಅದೇ ಕಾರ್ಖಾನೆಗೆ ಕೊಡುತ್ತಿದ್ದವರು. ನಮ್ಮ ಮನೆಯ ಎರಡು ಸಂಪಾದನೆಯೂ ಒಬ್ಬರದೇ ಬಾಗಿಲಿನಿಂದ ಬರುತ್ತಿತ್ತು.

ನಾನಿ, ಅಂದರೆ ಅಮ್ಮಿಯ ತಾಯಿ, ನಮ್ಮ ಜೊತೆಗೇ ಇದ್ದಳು. ಬೀದಿಯ ಮಕ್ಕಳಿಗೆಲ್ಲ ನಮ್ಮ ಹಜಾರದಲ್ಲಿ ಚಾಪೆ ಹಾಸಿ ಕುರಾನ್ ಓದಲು ಕಲಿಸುತ್ತಿದ್ದವಳು ಅವಳು. ಐದು ಹೊತ್ತಿನ ನಮಾಜು ಒಂದು ದಿನವೂ ತಪ್ಪಿಸಿದವಳಲ್ಲ. ಸದರ್ ಕೂಡ ಚಿಕ್ಕಂದಿನಲ್ಲಿ ಅದೇ ಚಾಪೆಯ ಮೇಲೆ ಕೂತು ಕಲಿತವರು. ಮಾರನೆಯ ದಿನ ಅವಳು ಬುರ್ಖಾ ಹಾಕಿಕೊಂಡು, ನನ್ನ ಕೈ ಹಿಡಿದು ಅವರ ಮನೆಗೆ ಹೊರಟಳು. ಅವರು ಎದ್ದು ನಿಂತು ಸಲಾಂ ಮಾಡಿದರು, ಕುರ್ಚಿ ಎಳೆದು ಹಾಕಿದರು.

ನಾನಿ ಕೂರಲಿಲ್ಲ. "ಹೆಣ್ಣುಮಕ್ಕಳು ಓದಬಾರದು ಅಂತ ನಾನು ನಿನಗೆ ಯಾವತ್ತು ಕಲಿಸಿದೆ, ಮಗಾ?"

"ಓದಬಾರದು ಅಂತ ಯಾರು ಹೇಳಿದರು ಅಮ್ಮಾ? ಕಾಲ ಸರಿ ಇಲ್ಲ. ಇವತ್ತು ಸರ್ಕಾರ ಶಾಲೆಗೆ ಕೈ ಹಾಕುತ್ತೆ, ನಾಳೆ ಮಸೀದಿಗೆ ಹಾಕುತ್ತೆ. ನಾವು ಒಗ್ಗಟ್ಟಾಗಿ ಇರಬೇಕು. ನಿಮಗೆ ಅರ್ಥ ಆಗಲ್ಲ."

"ನಿನ್ನ ಮಕ್ಕಳು ಬೆಂಗಳೂರಿನಲ್ಲಿ ಓದೋದು ಒಗ್ಗಟ್ಟಿಗೆ ಅಡ್ಡಿ ಆಗಲ್ವಾ?"

ಅವರು ನಕ್ಕರು. ಒಳಗೆ ತಿರುಗಿ, "ಅಮ್ಮನಿಗೆ ಶರಬತ್ತು ತನ್ನಿ" ಅಂದರು. ಅಷ್ಟೇ ಅವರ ಉತ್ತರ. ನಾನಿ ಶರಬತ್ತು ಮುಟ್ಟಲಿಲ್ಲ. ದಾರಿಯುದ್ದಕ್ಕೂ ತುಟಿ ಅಲುಗಾಡಿಸುತ್ತಾ ಬಂದಳು. ದುವಾ ಮಾಡುತ್ತಿದ್ದಾಳೆ ಅಂದುಕೊಂಡೆ. ಹತ್ತಿರ ಹೋಗಿ ಕಿವಿಗೊಟ್ಟರೆ ಬೈಯುತ್ತಿದ್ದಳು!

ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿಯಿತು. ನನ್ನ ಜೊತೆಯಲ್ಲೇ ಕೂರುತ್ತಿದ್ದ ಪಕ್ಕದ ಮನೆಯ ಹುಡುಗಿ ಲೆಕ್ಕದಲ್ಲಿ ನನಗಿಂತ ಚುರುಕು. ಅವಳು ಬೇಸಿಗೆಯಲ್ಲೇ ಚರಕಕ್ಕೆ ಹೋದಳು. ಜೂನ್ ಬಂದಾಗ ಅಮ್ಮಿ ಒಂದು ದಿನ ಕೆಲಸಕ್ಕೆ ಹೋಗದೆ, ನನಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಪೇಟೆಯ ಆಚೆ ಬದಿಯಲ್ಲಿದ್ದ ಕನ್ನಡ ಮಿಡ್ಲ್ ಸ್ಕೂಲಿಗೆ ಕರೆದುಕೊಂಡು ಹೋದಳು. ಅಬ್ಬಾ ಬಾಗಿಲ ತನಕ ಬಂದು, "ಯೋಚನೆ ಮಾಡು" ಅಂದರು. "ಮಾಡಿಯೇ ಹೊರಟಿದ್ದೀನಿ" ಅಂದಳು.

ಹೆಡ್‌ಮಾಸ್ಟರು ಒಳ್ಳೆಯವರು ಅಂತ ಊರಿಗೆಲ್ಲ ಹೆಸರು. ಖಾದಿ ಜುಬ್ಬಾ, ಕಚ್ಚೆಪಂಚೆ. ಅಮ್ಮಿಯನ್ನು ಕೂರಿಸಿ ಮಾತಾಡಿಸಿದರು. ಆದರೆ ವಿಷಯ ತಿಳಿದ ಮೇಲೆ ಮುಖ ಸಣ್ಣದಾಯಿತು.

"ನೋಡಮ್ಮಾ, ನನಗೇನೂ ಅಭ್ಯಂತರ ಇಲ್ಲ. ಆದ್ರೆ ನಿಮ್ ಮುಖಂಡರಿಗೆ ಒಂದ್ ಮಾತ್ ಹೇಳಿ ಬಾ. ಅವರು ಹೂಂ ಅಂದ್ರೆ ಇವತ್ತೇ ಸೇರಿಸ್ಕೋತೀನಿ. ಇಲ್ದಿದ್ರೆ ನಿಮ್ಮವರ ಮನಸ್ಸಿಗೆ ನೋವಾಗುತ್ತೆ."

ಅಮ್ಮಿಯ ಕನ್ನಡ ಒರಟು, ಸಂತೆಯಲ್ಲಿ ಕಲಿತ ಕನ್ನಡ. ಕಿಟಕಿಯಾಚೆ ಕ್ಲಾಸಿನಲ್ಲಿ ಕೂತಿದ್ದ ಒಂದು ಹುಡುಗಿಯ ಕಡೆ ಕೈ ತೋರಿಸಿದಳು. "ಆ ಮಗೂನ ಸೇರಿಸ್ಕೊಳ್ಳೋವಾಗ ಯಾವ್ ದೇವಸ್ಥಾನದ ಧರ್ಮದರ್ಶಿ ಬಂದು ಹೂಂ ಅಂದ್ರು ಸ್ವಾಮಿ?"

"ಅವಳ ಅಪ್ಪ ಬಂದಿದ್ದ."

"ಇವಳಿಗೆ ಅಮ್ಮ ಬಂದವ್ಳೆ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ನಾಳೆ ನೋಡೋಣ ಅಂದರು. ಅಮ್ಮಿ ಎದ್ದು ಆಚೆ ಬಂದು ಜಗಲಿಯ ಮೇಲೆ ಕೂತುಬಿಟ್ಟಳು, ನನ್ನನ್ನೂ ಕೂರಿಸಿಕೊಂಡಳು. ಊಟದ ಗಂಟೆ ಹೊಡೆಯಿತು, ಮಕ್ಕಳು ನಮ್ಮ ಸುತ್ತ ನಿಂತು ನೋಡಿದರು. ಅವಳು ಏಳಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಹೆಡ್‌ಮಾಸ್ಟರೇ ಆಚೆ ಬಂದು, ನನ್ನ ಹುಟ್ಟಿದ ತಾರೀಖು ಕೇಳಿದರು.

ಅವರನ್ನು ಆಮೇಲೆ ನಾನು ಬಹಳ ಇಷ್ಟಪಟ್ಟೆ. ಮೂರು ವರ್ಷ ಅವರ ಹತ್ತಿರ ಓದಿದೆ. ಆದರೂ ಆ ದಿನದ ಸಿಟ್ಟು ಆರಿಲ್ಲ. ನಮ್ಮ ಧರ್ಮಕ್ಕೆ ಮರ್ಯಾದೆ ಕೊಡುತ್ತಿದ್ದೇನೆ ಅಂತ ಅವರು ನಿಜವಾಗಿಯೂ ನಂಬಿದ್ದರು. ನಮ್ಮ ಧರ್ಮ ಮನೆಯಲ್ಲಿ ನಾನಿಯ ಚಾಪೆಯ ಮೇಲೆ ಕೂತಿತ್ತು. ಅವರು ಮರ್ಯಾದೆ ಕೊಟ್ಟದ್ದು ಒಬ್ಬ ಕಾರ್ಖಾನೆ ಮಾಲೀಕರಿಗೆ.

ಸದರ್ ಜಗಳಕ್ಕೆ ಬರಲಿಲ್ಲ. ಅಂಥ ಕೆಲಸ ಅವರು ಮಾಡುವವರೇ ಅಲ್ಲ. ಅಬ್ಬಾ ಗೂಡಿನ ಮೂಟೆ ಇಳಿಸಲು ಹೋದಾಗ ಗುಮಾಸ್ತ ಬಾಗಿಲಲ್ಲೇ, "ಇನ್ಮೇಲೆ ಬೇರೆಯವರು ತರ್ತಾರೆ" ಅಂದ. ಅಮ್ಮಿಯ ಜಾಗದಲ್ಲಿ ಬೇರೆ ಹೆಂಗಸು ಕೂತಿದ್ದಳು. ಅಬ್ಬಾ ಅದೇ ಸೈಕಲ್ಲಿನಲ್ಲಿ ನಂದಗುಡಿಯಿಂದ ತರಕಾರಿ ತಂದು ದೇವನಹಳ್ಳಿಯಲ್ಲಿ ಮಾರಲು ಶುರುಮಾಡಿದರು. ಗೂಡು ಕೊಡುತ್ತಿದ್ದ ರೈತರೇ ಬದನೆ, ಹುರುಳಿಕಾಯಿ ಕೊಟ್ಟರು. ಹೊಟ್ಟೆಪಾಡು ಹೇಗೋ ನಡೆಯಿತು.

ಸಹಿಸಲಾಗದ್ದು ಇನ್ನೊಂದು. ನಾನಿಯ ಹತ್ತಿರ ಕುರಾನ್ ಕಲಿಯಲು ಮಕ್ಕಳು ಬರುವುದು ನಿಂತಿತು. ಆ ಮನೆಗೆ ಕಳಿಸಬೇಡಿ ಅಂತ ಮಸೀದಿ ಕಡೆಯಿಂದ ಮಾತು ಹೋಗಿತ್ತು. ಅಲ್ಲಾಹನ ಮಾತು ಕಲಿಸುವ ಮುದುಕಿಯ ಬಾಗಿಲನ್ನು ಅಲ್ಲಾಹನ ಹೆಸರಿನಲ್ಲೇ ಮುಚ್ಚಿಸಿದರು! ಅವಳು ದಿನವೂ ಚಾಪೆ ಹಾಸಿ, ಬಾಗಿಲ ಕಡೆ ನೋಡುತ್ತಾ ಕೂರುತ್ತಿದ್ದಳು. ಒಂದು ದಿನ ನಾನು ಸಿಟ್ಟಿನಲ್ಲಿ, "ಇನ್ನು ನಾನು ನಮಾಜು ಮಾಡಲ್ಲ" ಅಂದುಬಿಟ್ಟೆ. ನಾನಿ ಕೈ ಹಿಡಿದು ಜಗ್ಗಿ ಕೂರಿಸಿಕೊಂಡಳು. "ನಮಾಜು ಅವನಪ್ಪನ ಮನೆ ಆಸ್ತಿಯಾ, ಅವನಿಗೆ ಬಿಟ್ಟುಕೊಡೋಕೆ? ಹೋಗು, ಕೈಕಾಲು ತೊಳ್ಕೊಂಡು ಬಾ." ನಾನು ಇವತ್ತಿಗೂ ನಮಾಜು ಬಿಟ್ಟಿಲ್ಲ. ಬಿಟ್ಟಿದ್ದರೆ ಅವರು ಗೆದ್ದ ಹಾಗಾಗುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಬೀದಿಯಲ್ಲಿ ಅದುವರೆಗೆ ಯಾವ ಹುಡುಗಿಯೂ ಪಾಸಾಗಿರಲಿಲ್ಲ. ಚುನಾವಣೆ ಹತ್ತಿರ ಬಂದಿತ್ತು. ಒಬ್ಬ ಮಂತ್ರಿ ನಮ್ಮ ಪೇಟೆಗೆ ಬರುವವರಿದ್ದರು. ಸದರ್‌ರ ಮನೆಯಿಂದ ಜನ ಬಂದು, "ಮಂತ್ರಿಗಳ ಕೈಲಿ ಹುಡುಗಿಗೆ ಸನ್ಮಾನ" ಅಂದರು. ನಾನು ಹೋಗಲಿ ಅಂತ ಅಬ್ಬಾಗೆ ಅನ್ನಿಸಿತು. ಇಷ್ಟು ವರ್ಷಗಳ ಮುನಿಸು ಮುಗಿಯಬಹುದೆಂಬ ಆಸೆ ಅವರಿಗೆ. ಅಮ್ಮಿ ನನ್ನನ್ನೇ ನೋಡಿದಳು. ನಾನು ಹೋಗುತ್ತೇನೆ ಅಂದೆ.

ಶಾಮಿಯಾನದ ತುಂಬ ಜನ. ಹೆಂಗಸರಿಗೆ ಒಂದು ಬದಿಯಲ್ಲಿ ಪರದೆ ಕಟ್ಟಿದ್ದರು. ವೇದಿಕೆಯ ಮೇಲೆ ಸದರ್ ನನ್ನ ಹೆಗಲ ಮೇಲೆ ಕೈಯಿಟ್ಟು, ಮೈಕಿನಲ್ಲಿ, "ಇವಳು ನಮ್ಮ ಜಮಾತಿನ ಮಗಳು. ಹೆಣ್ಮಕ್ಳು ಓದ್ಬೇಕು ಅಂತ ನಾವು ಯಾವಾಗ್ಲೂ ಹೇಳ್ತಾ ಬಂದಿದ್ದೀವಿ" ಅಂದರು. ಚಪ್ಪಾಳೆ ಬಿತ್ತು. ಮಂತ್ರಿಗಳು ಶಾಲು ಹೊದಿಸಿ, ಎರಡು ಮಾತು ಆಡಮ್ಮಾ ಅಂದರು. ನಾನು ಮೈಕಿನ ಮುಂದೆ ಹೋಗಿ ನಿಂತೆ.

"ನಮ್ಮ ಉರ್ದು ಶಾಲೆ ಇನ್ನೂ ನಾಲ್ಕನೇ ಕ್ಲಾಸಿಗೇ ನಿಂತಿದೆ ಸಾರ್" ಅಂದೆ. "ಮುಂದಿನ ಕ್ಲಾಸು ಕೊಡ್ತೀವಿ ಅಂತ ಸರ್ಕಾರ ಬಂದಿತ್ತು. ಬೇಡ ಅಂದವರು ಇವರು. ನಾನು ಅಲ್ಲೇ ನಿಂತು ಕೇಳಿಸ್ಕೊಂಡಿದ್ದೀನಿ. ನಾನು ಓದಿದ್ದು ನಮ್ಮಮ್ಮ ಕನ್ನಡ ಶಾಲೆ ಜಗಲಿ ಮೇಲೆ ಕೂತಿದ್ದಕ್ಕೆ. ನನ್ನ ಜೊತೆಯವರೆಲ್ಲ ಇವರ ಕಾರ್ಖಾನೇಲಿ ಚರಕ ತಿರುಗಿಸ್ತಾ ಇದ್ದಾರೆ."

ಪರದೆಯ ಹಿಂದಿನಿಂದ ಒಂದು ಚಪ್ಪಾಳೆ ಕೇಳಿಸಿತು, ಆಮೇಲೆ ಒಂದಷ್ಟು. ಸದರ್‌ರ ಮುಖ ಕೆಂಪೇರಿತ್ತು. ಮಂತ್ರಿಗಳು ಮಾತ್ರ ಜೋರಾಗಿ ನಕ್ಕರು. "ಭಾರಿ ಜೋರು ನಿಮ್ ಹುಡುಗಿ! ಏನ್ ಸಾಹೇಬ್ರೇ, ಕ್ಲಾಸ್ ಮಾಡ್ಕೊಟ್ಬಿಡೋಣ್ವಾ?"

ಸದರ್ ತಡಮಾಡಲಿಲ್ಲ, ನಕ್ಕು, "ಆಗ್ಲಿ" ಅಂದರು.

ಮುಂದಿನ ವರ್ಷ ಐದನೇ ಕ್ಲಾಸು ತೆರೆಯಿತು. ನಾನು ಗೆದ್ದೆ ಅಂತ ಎಷ್ಟೋ ಜನ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಮೈಕಿನಲ್ಲಿ ಕೂಗಿ ಹೇಳಿದ ಮೇಲೂ ಮಂತ್ರಿಗಳು ತಿರುಗಿ ಕೇಳಿದ್ದು ಸದರ್ ಅವರನ್ನೇ. ಶಾಮಿಯಾನದಲ್ಲಿ ಅಷ್ಟು ಜನ ತಂದೆತಾಯಿಗಳು ಕೂತಿದ್ದರು, ಯಾರ ಕಡೆಗೂ ಅವರ ಕಣ್ಣು ಹೋಗಲಿಲ್ಲ. ಲೆಕ್ಕದಲ್ಲಿ ಚುರುಕಾಗಿದ್ದ ಪಕ್ಕದ ಮನೆಯ ಹುಡುಗಿ ಅಷ್ಟರಲ್ಲಿ ಮದುವೆಯಾಗಿ ಹೊಸಕೋಟೆ ಸೇರಿದ್ದಳು, ಕಂಕುಳಲ್ಲಿ ಮಗು. ಆ ಕ್ಲಾಸು ಅವಳಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಟೀಚರ್ ಟ್ರೈನಿಂಗ್ ಮುಗಿಸಿದ ಮೇಲೆ ನನಗೆ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಕಡೆಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಕ್ಲಾಸಿನಲ್ಲಿ ಹೆಚ್ಚಿನವರು ರೈತರ ಮಕ್ಕಳು, ನಾಲ್ಕೈದು ಮುಸ್ಲಿಂ ಮನೆಯ ಮಕ್ಕಳು. ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಕೋಣೆಯಲ್ಲಿ ನಮಾಜು ಮಾಡಿಕೊಳ್ಳುತ್ತಿದ್ದೆ. ಆಮೇಲೆ ಬಂದು ವ್ಯಾಕರಣ ಹೇಳಿಕೊಡುತ್ತಿದ್ದೆ. ಯಾರಿಗೂ ಅದರಿಂದ ಏನೂ ತೊಂದರೆಯಾಗಲಿಲ್ಲ.

ಎರಡು ವರ್ಷ ಕಳೆದಿರಬೇಕು, ಒಬ್ಬ ಶಿಕ್ಷಣಾಧಿಕಾರಿ ತಪಾಸಣೆಗೆ ಬಂದರು. ಹೊಸ ಕಾಲದವರು, ಪ್ಯಾಂಟು ಬುಶ್‌ಶರ್ಟು. ಏಳನೇ ಕ್ಲಾಸಿನ ಹುಡುಗಿಯರನ್ನು ಮೈಸೂರಿಗೆ ಪ್ರವಾಸ ಕರೆದುಕೊಂಡು ಹೋಗುವ ಮಾತು ಬಂತು. ಅವರು ನನ್ನ ಕಡೆ ತಿರುಗಿ, ಬಹಳ ವಿನಯದಿಂದ, "ಮೇಡಂ, ನಿಮ್ಮ ಜನ ಇದಕ್ಕೆ ಏನಂತಾರೆ? ನೀವೇ ಅವರ ಪರವಾಗಿ ಹೇಳ್ಬಿಡಿ, ನಿಮ್ಮಂಥ ವಿದ್ಯಾವಂತರೇ ಈಗ ಮುಖಂಡರಾಗ್ಬೇಕು" ಅಂದರು.

ಅದನ್ನು ಹೊಗಳಿಕೆ ಅಂದುಕೊಂಡು ಹೇಳಿದ್ದರು, ಪಾಪ. ನನಗೆ ತಲೆಗೇರಿದ ಸಿಟ್ಟು ಅವರಿಗೆ ಅರ್ಥವಾಗುವ ಹಾಗೇ ಇರಲಿಲ್ಲ.

"ಸಾರ್, ಆ ಕ್ಲಾಸಲ್ಲಿ ಮುಸ್ಲಿಂ ಹುಡುಗೀರು ಇಬ್ರು ಇದ್ದಾರೆ" ಅಂದೆ. "ಒಬ್ಬಳ ಮನೆ ಬಸ್‌ಸ್ಟಾಪ್ ಹಿಂದೆ, ಇನ್ನೊಬ್ಬಳದು ಕೆರೆ ಹತ್ರ. ಹುಡುಗೀರನ್ನ ಕೇಳಿ, ಅವರ ಅಪ್ಪ ಅಮ್ಮನ್ನ ಕೇಳಿ. ಅವರ ಪರವಾಗಿ ನಾನು ಏನೂ ಹೇಳಲ್ಲ."

"ಬೇಜಾರ್ ಮಾಡ್ಕೊಂಡ್ರಾ ಮೇಡಂ?"

"ಹೌದು" ಅಂದೆ.

ಅವರು ಹೋದ ಮೇಲೆ ಸಂಜೆ ನಾನೇ ಆ ಎರಡು ಮನೆಗೂ ಹೋದೆ. ಕೆರೆ ಹತ್ತಿರದ ಮನೆಯಲ್ಲಿ ಬೇಡ ಅಂದರು, ಎಷ್ಟು ಹೇಳಿದರೂ ಒಪ್ಪಲಿಲ್ಲ. ಸಿಟ್ಟಾಗಿಯೇ ಎದ್ದು ಬಂದೆ. ಆದರೆ ಅದು ಅವರ ಬಾಯಿಂದಲೇ ಬಂದ ಮಾತು, ಅವರ ಜೊತೆ ಮಾರನೆಯ ದಿನ ಮತ್ತೆ ಹೋಗಿ ವಾದ ಮಾಡಬಹುದಿತ್ತು. ಬಸ್‌ಸ್ಟಾಪ್ ಹಿಂದಿನ ಮನೆಯ ತಾಯಿ ಮಾತ್ರ ರಾಗಿ ಬೀಸುತ್ತಿದ್ದವಳು ಕೈ ಒರೆಸಿಕೊಂಡು ಎದ್ದು, "ಊಟಕ್ಕೇನ್ ಕಟ್ಲಿ ಟೀಚರಮ್ಮಾ?" ಅಂತ ಕೇಳಿದಳು.