ರಂಜಕದ ಬಣ್ಣ

ನಮ್ಮ ಮನೆಯವರು ತೀರಿಕೊಂಡದ್ದು ಹೊಟ್ಟೆಯ ಹುಣ್ಣಿನಿಂದ. ಮಾತಾಡಿಸಲು ಬಂದವರೆಲ್ಲ ಮೆಣಸಿನಕಾಯಿಯನ್ನು ಬೈದು ಹೋದರು. ಬ್ಯಾಡಗಿಯಲ್ಲಿ ಹುಟ್ಟಿ, ಅದರಿಂದಲೇ ಮನೆ ಕಟ್ಟಿಸಿ, ಅದನ್ನೇ ಬೈಯುವವರಿಗೆ ಏನು ಹೇಳುವುದು? ತಲೆ ಆಡಿಸಿ ಕಳಿಸಿದೆ.

ಅವರದು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ದಿನವಿಡೀ ಚೀಲಗಳ ನಡುವೆ ನಿಂತೇ ಇರಬೇಕು. ಮೊಣಕಾಲು ಹಿಡಿದುಕೊಂಡಿದ್ದವು. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಒಂದು ನೋವಿನ ಗುಳಿಗೆ ನುಂಗಿ, ಚಹಾ ಕುಡಿದು ಹೊರಡುತ್ತಿದ್ದರು. ಗುಳಿಗೆ ಬರೆದುಕೊಟ್ಟವರು ಯಾರೂ ಇಲ್ಲ, ಔಷಧದ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದರು.

"ಏನರ ತಿಂದು ನುಂಗ್ರಿ" ಎಂದರೆ, "ತಿನ್ಕೋತ ಕುಂತ್ರ ಮಾಲಿನ ಟೆಂಡರ್ ಯಾರು ನೋಡ್ತಾರ?" ಎನ್ನುತ್ತಿದ್ದರು. ನಾನೂ ಹೇಳಿ ಹೇಳಿ ಸುಮ್ಮನಾದೆ.

ನಮ್ಮ ಮನೆಯಲ್ಲಿ ಕೆಂಪು ಬಣ್ಣಕ್ಕೆ ಯಾರೂ ಬೆಚ್ಚುವುದಿಲ್ಲ. ಅವರ ಅಂಗಿಯ ತೋಳು, ಟವಲ್, ಕೈ ತೊಳೆದ ನೀರು ಎಲ್ಲ ಕೆಂಪೇ. ಮೆಣಸಿನಕಾಯಿ ಕಲೆಗೆ ನಾನು ಸಾಬೂನು ಹಾಳು ಮಾಡುವವಳಲ್ಲ. ಹಿಂಡಿ ಮಾಳಿಗೆಯ ಮೇಲೆ ಹರವಿದರೆ ಬಿಸಿಲೇ ಅದನ್ನು ತೆಗೆದುಬಿಡುತ್ತದೆ. ಹೊಸದಾಗಿ ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ್ದು.

ಆ ದಿನ ಬೆಳಿಗ್ಗೆ ಅವರು ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡರು. ಕೆಂಪಗಿತ್ತು. ಹಿಂದಿನ ಸಂಜೆ ಹೊಸ ಹಣ್ಣು ಮೆಣಸಿನಕಾಯಿ ಅರೆದು ರಂಜಕ ಮಾಡಿದ್ದೆ, ಆ ಕೆಂಪು ಚಟ್ನಿಯನ್ನು ರೊಟ್ಟಿಗೆ ದಪ್ಪಗೆ ಹಚ್ಚಿಕೊಂಡು ಉಂಡಿದ್ದರು.

"ರಂಜಕದ ಬಣ್ಣ ಐತಿ, ಗಾಬರಿ ಆಗಬ್ಯಾಡ" ಎಂದು ಟವಲ್ಲಿಗೆ ಬಾಯಿ ಒರೆಸಿಕೊಂಡರು.

"ಹೊಟ್ಟಿ ನೋಯಾಕತ್ತೈತೇನ್ರಿ?"

"ಏನೂ ಇಲ್ಲ."

ಅದೇನೂ ಸುಳ್ಳಲ್ಲ. ಅವರು ದಿನಾ ನುಂಗುತ್ತಿದ್ದುದೇ ನೋವು ತಿಳಿಯದಂತೆ ಮಾಡುವ ಗುಳಿಗೆ. ನಾನು ಬಚ್ಚಲಿಗೆ ನೀರು ಸುರಿದೆ. ಟವಲ್ ಹಿಂಡಿ ಮಾಳಿಗೆಯ ತಂತಿಯ ಮೇಲೆ ಹಾಕಿದೆ. ಅವರು ಅಂಗಡಿಗೆ ಹೋದರು.

ಮಧ್ಯಾಹ್ನ ಅಲ್ಲೇ ಬಿದ್ದರು. ಕಾರಿನಲ್ಲಿ ರಾಣೆಬೆನ್ನೂರಿನ ಆಸ್ಪತ್ರೆಗೆ ಒಯ್ದೆವು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಮುಂದೆ ಹೋಗುತ್ತಿದ್ದ ಲಾರಿ ನೋಡಿ, "ಚೀಲ ಸರಿ ಕಟ್ಟಿಲ್ಲ" ಎಂದರು. ಆಮೇಲೆ ಅವರು ಮಾತಾಡಲಿಲ್ಲ.

ಕತ್ತಲಾಗುವ ಮುಂಚೆ ಎಲ್ಲ ಮುಗಿದಿತ್ತು. ಡಾಕ್ಟರು ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು. ಯಾವ ಗುಳಿಗೆ, ಎಷ್ಟು ವರ್ಷದಿಂದ ಎಂದು ಕೇಳಿದರು. ನಾನು ರಂಜಕದ ಸುದ್ದಿ ಹೇಳಿದೆ.

"ಮೆಣಸಿನಕಾಯಿ ಅಲ್ಲರೀ ತಾಯಿ, ಗುಳಿಗಿ" ಎಂದರು.

ಹೊಟ್ಟೆಯ ಒಳಗೋಡೆಯ ಜೀವಕೋಶಗಳು ದಿನಾ ಸಾಯುತ್ತವಂತೆ. ಸಾಯುವುದು ತಪ್ಪಲ್ಲವಂತೆ, ಅಷ್ಟೇ ಹೊಸವು ಹುಟ್ಟುತ್ತವೆ. ಅವುಗಳ ಮೇಲೆ ಕಾವಲಿಗೆ ಒಂದು ಲೋಳೆಯ ಪದರ. ಗುಳಿಗೆ ಆ ಪದರವನ್ನು ತೆಳ್ಳಗೆ ಮಾಡುತ್ತದೆ. ಸಾಯುವವು ಹೆಚ್ಚಾಗುತ್ತವೆ, ಹುಟ್ಟುವವು ಸಾಲುವುದಿಲ್ಲ. ಹೊಟ್ಟೆಯಲ್ಲಿ ಆಮ್ಲದ ಜೊತೆ ಪೆಪ್ಸಿನ್ ಎಂಬ ಕಿಣ್ವವಿದೆ, ಉಂಡ ಬೇಳೆಯನ್ನು ಕರಗಿಸುವುದು ಅದರ ಕೆಲಸ.

"ಅದಕ್ಕ ಬ್ಯಾಳಿ ಯಾವುದು, ಗ್ವಾಡಿ ಯಾವುದು ಗೊತ್ತಾಗೂದಿಲ್ರಿ. ರಕ್ತನಾಳದ ತನಕಾ ತಿಂದೈತಿ" ಎಂದರು.

ನನಗೆ ಅಳು ಬರಲಿಲ್ಲ. ಬೇಳೆ ನೆನೆಹಾಕಿ ಬಂದಿದ್ದೇನೆ, ಅದು ಹಳಸಿರುತ್ತದೆ ಎಂಬುದಷ್ಟೇ ತಲೆಗೆ ಬಂತು. ಇದನ್ನು ಯಾರಿಗಾದರೂ ಹೇಳಿದರೆ ಕಲ್ಲುಹೃದಯದವಳು ಎಂದಾರು. ಅನ್ನಲಿ.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಮಾಳಿಗೆ ಹತ್ತಿದೆ. ಟವಲ್ ಅಂದಿನಿಂದ ತಂತಿಯ ಮೇಲೆಯೇ ಇತ್ತು. ಯಾರೂ ತೆಗೆದಿರಲಿಲ್ಲ. ಅಂಚಿನಲ್ಲಿದ್ದ ಮೆಣಸಿನಕಾಯಿ ಕಲೆಗಳೆಲ್ಲ ಬಿಸಿಲಿಗೆ ಹೋಗಿ ಬಟ್ಟೆ ಬೆಳ್ಳಗಾಗಿತ್ತು. ನಡುವೆ, ಅವರು ಬಾಯಿ ಒರೆಸಿಕೊಂಡ ಕಡೆ ಮಾತ್ರ, ಅಂಗೈಯಷ್ಟು ಅಗಲದ ಕಲೆ ಕಂದುಗಟ್ಟಿ ಉಳಿದಿತ್ತು.

ಟವಲ್ಲಿನ ಮಗ್ಗುಲು ಬದಲಿಸಿ, ಆ ಕಲೆ ಬಿಸಿಲಿಗೆ ಬರುವಂತೆ ಮತ್ತೆ ಹರವಿ ಕೆಳಗೆ ಬಂದೆ.