ಖಾಸಿಂಸಾಬ ಬಳಿದ ಲೇಪ

ಬೆಟಗೇರಿಯಲ್ಲಿ ಅಲ್ಯೂಮಿನಿಯಂ ಎರಕ ಹೊಯ್ಯುವವರು ಹಲವರಿದ್ದರೂ ನೀರೆತ್ತುವ ಪಂಪಿನ ಚಕ್ರ ಎಂದರೆ ಕೊಟ್ರಪ್ಪನವರ ಕಾರ್ಖಾನೆಯ ಖಾಸಿಂಸಾಬನೇ ಆಗಬೇಕಿತ್ತು. ಗದಗ ಹೊಸ ಜಿಲ್ಲೆಯಾದ ವರ್ಷ ಅವನು ಅಲ್ಲಿ ಕೆಲಸಕ್ಕೆ ಸೇರಿದ್ದು. ಆಗಿನಿಂದಲೂ ಅವನದೊಂದೇ ಹಟ. ಕರಗಿದ ಲೋಹಕ್ಕೆ ಸೌಟಾಗಲಿ ಸರಳಾಗಲಿ ಬರಿಮೈಯಲ್ಲಿ ಇಳಿಯಬಾರದು. ಸೀಮೆಸುಣ್ಣದ ಪುಡಿ ಕಲಸಿ ಬಳಿದು, ಭಟ್ಟಿಯ ಬಾಯಿಗೆ ಹಿಡಿದು ಒಣಗಿಸಿದ ಮೇಲೇ ಒಳಗೆ. ಇಲ್ಲದಿದ್ದರೆ ಅವುಗಳ ಕಬ್ಬಿಣ ಲೋಹದೊಳಗೆ ಕರಗಿ ಎರಕ ಕೆಡುತ್ತದೆ. ಇದಕ್ಕೆ ಎದುರಾಡಿದವರನ್ನು ಅವನು ಕಣ್ಣಲ್ಲೇ ಸುಡುತ್ತಿದ್ದ. ನನಗಂತೂ ಅವನ ಆ ಗತ್ತು ನೋಡಲು ಖುಷಿಯೇ.

ಆದರೆ ಎಷ್ಟು ಹುಷಾರಾಗಿ ಹೊಯ್ದರೂ ಲೋಹದೊಳಗೆ ಅನಿಲ ಉಳಿದು, ಆರಿದ ಮೇಲೆ ಸೂಜಿಮೊನೆಯಂಥ ತೂತುಗಳಾಗುತ್ತವೆ. ಅದಕ್ಕೆ ಪರಿಹಾರವೆಂದು ಹುಬ್ಬಳ್ಳಿ ಕಡೆಯ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವ ಶೈಲಾ ತಾನೇ ರೂಪಿಸಿದ ಒಂದು ಯಂತ್ರ ತಂದಳು. ಅದರ ಸರಳನ್ನು ಕರಗಿದ ಲೋಹಕ್ಕೆ ಇಳಿಸಿದರೆ ಕಿವಿಗೆ ಕೇಳಿಸದ ಶಬ್ದದಿಂದ ಸಣ್ಣಗೆ ನಡುಗಿ, ಒಳಗಿನ ಗುಳ್ಳೆಗಳನ್ನೆಲ್ಲ ಮೇಲೆ ಓಡಿಸುತ್ತದಂತೆ. ಚಕ್ರ ಕೊಳ್ಳುವ ಪಂಪಿನ ಕಂಪನಿಯವರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಯಂತ್ರ ಇಲ್ಲೇ ಉಳಿಯುತ್ತಿತ್ತು. ಶೈಲಾಳ ವರ್ಷಗಳ ದುಡಿಮೆಗೆ ಒಂದು ದಾರಿಯಾಗುತ್ತಿತ್ತು.

"ಕಾಕಾ, ಈ ಸರಳಿಗೆ ಏನೂ ಬಳೀಬ್ಯಾಡ್ರಿ. ಇದು ಬ್ಯಾರೆ ಲೋಹ, ಕರಗಂಗಿಲ್ಲ. ಹಂಗ ಇರ್ಲಿ," ಎಂದು ಅವಳು ಹೇಳಿದ್ದಳು.

"ಆತವ್ವಾ," ಎಂದ ಖಾಸಿಂಸಾಬ. ಅವಳು ಕಂಪನಿಯವರನ್ನು ಎದುರುಗೊಳ್ಳಲು ಹೋದದ್ದೇ ತಡ, ತೆಳ್ಳಗೆ ಬಳಿದ, ಒಣಗಿಸಿದ, ತಾನೇ ಇಳಿಸಿಯೂ ಬಿಟ್ಟ. ಸಣ್ಣ ಹುಡುಗಿ, ಏನು ಗೊತ್ತು ಪಾಪ ಎಂಬ ಕನಿಕರ ಬೇರೆ!

ಕಂಪನಿಯವರು ಬಂದ ಮೇಲೆ ಯಂತ್ರ ಚಾಲೂ ಆಯಿತು. ಸರಳು ನಡುಗಿದ ರಭಸಕ್ಕೆ ಬಳಿದದ್ದೆಲ್ಲ ಪುಡಿಪುಡಿಯಾಗಿ ಒಳಗೇ ಉದುರಿತು. ಅದು ಯಾರಿಗೂ ಕಾಣಲಿಲ್ಲ. ಆರಿದ ಚಕ್ರವನ್ನು ಕೊಯ್ದು ನೋಡಿದರೆ ತುಂಬ ಬಿಳಿ ಚುಕ್ಕೆ. ಅದು ತಾನು ಬಳಿದ ಸೀಮೆಸುಣ್ಣವೇ ಎಂದು ಖಾಸಿಂಸಾಬನಿಗೆ ನೋಡಿದ ಕೂಡಲೇ ತಿಳಿಯಿತು.

ಕಂಪನಿಯವರು ನಗುತ್ತ ಕಾರು ಹತ್ತಿದರು. "ನಿಮ್ಮ ಮಶಿನ್ ತಗೊಂಡು ಹೋಗ್ರಿ ಮೇಡಮ್ಮಾರ. ನಮ್ಮ ಖಾಸಿಂಸಾಬನ ಕೈಯಾಗ ಇಂಥಾ ಮಾಲು ಎಂದೂ ಬಂದಿಲ್ಲ," ಎಂದರು ಕೊಟ್ರಪ್ಪ. ತನ್ನ ಲೆಕ್ಕವೇ ತಪ್ಪಿರಬೇಕೆಂದುಕೊಂಡು ಶೈಲಾ ಯಂತ್ರದ ವೈರು ಬಿಚ್ಚತೊಡಗಿದಳು. ಯಂತ್ರವನ್ನು ಆಟೋಗೆ ಏರಿಸಲು ಖಾಸಿಂಸಾಬ ಕೈಜೋಡಿಸಿದ.

"ಎಲ್ಲಾರೂ ನಕ್ಕರು. ನೀವೊಬ್ಬರ ನಗಲಿಲ್ಲ ಕಾಕಾ," ಎಂದಳು ಅವಳು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಆಟೋ ಹೊರಟ ಮೇಲೆ ಅವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾದಂತಾಯಿತು. ಮನೆಯಲ್ಲಿ ಹೆಂಡತಿ ಗೌಸಬಿ ಬಡಿಸಿದ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದ.

ಮರುದಿನ ಕೊಟ್ರಪ್ಪನವರ ಮುಂದೆ ಹೋಗಿ ನಿಂತ.

"ತಪ್ಪು ನಂದರೀ ಸಾವಕಾರ್ರ. ಆಕಿ ಬ್ಯಾಡಂದ್ರೂ ಸರಳಿಗೆ ನಾನ ಬಳದಿದ್ದೆ. ಆಕೀನ್ನ ಮತ್ತ ಕರಸ್ರಿ. ಕಂಪನಿಯವರಿಗೂ ಹೇಳ್ರಿ."

ಕೊಟ್ರಪ್ಪನವರ ಕಣ್ಣು ತುಂಬಿ ಬಂತು. "ಎಂಥಾ ಮನಶ್ಯಾನೋ ನೀ! ಆ ಹುಡುಗಿ ಮಾನ ಉಳಸಾಕ ಎಲ್ಲಾ ನಿನ್ನ ತಲಿಮ್ಯಾಲೆ ಹೊತ್ಕೊಳ್ಳಾಕತ್ತೀಯಲ್ಲ. ನಿನ್ನ ಕೈ ನನಗ ಗೊತ್ತಿಲ್ಲೇನು?"

"ಖರೇನರಿ. ಅಲ್ಲಾನ ಆಣಿ."

"ಆಣಿ ಬ್ಯಾರೆ!" ಎಂದು ಕೊಟ್ರಪ್ಪ ಕೆಲಸದವರನ್ನೆಲ್ಲ ಕೂಗಿ ಕರೆದು, ಅವನ ಹೆಗಲ ಮೇಲೆ ಕೈಹಾಕಿ ಅವನ ದೊಡ್ಡತನವನ್ನು ಬಣ್ಣಿಸಿದರು. ಶೈಲಾಳನ್ನು ಮತ್ತೆ ಕರೆಸುವ ಮಾತು ಅಲ್ಲಿಗೇ ಮುಗಿಯಿತು. ಎಲ್ಲರೂ ಭೇಷ್ ಎಂದರು. ಖಾಸಿಂಸಾಬ ತಲೆ ಎತ್ತಲಿಲ್ಲ. ಅದು ವಿನಯವೆಂದು ತಿಳಿದು ಅವರು ಅವನನ್ನು ಇನ್ನಷ್ಟು ಮೆಚ್ಚಿಕೊಂಡರು.